ಅಳಿಸುವ ಮೊದಲು ಹಿಡಿದಿಡಿ: ಜಾಲತಾಣದ ಕೆಟ್ಟ ಪೋಸ್ಟನ್ನು ಕಾನೂನಿನ ದಾರಿಯಲ್ಲಿ ತೆಗೆಸುವ ಕ್ರಮ

ರಾತ್ರಿ ಹತ್ತು ಗಂಟೆಗೆ ನೆಂಟರೊಬ್ಬರ ಫೋನ್ ಬರುತ್ತದೆ: ನಿಮ್ಮ ಮನೆಯ ಹುಡುಗಿಯ ಫೋಟೊ ಹಾಕಿ ಯಾರೋ ಇನ್‌ಸ್ಟಾಗ್ರಾಂ ಖಾತೆ ತೆರೆದಿದ್ದಾರೆ. ಮನೆಯವರು ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೆಂದರೆ ಆ ಲಿಂಕನ್ನು ಕುಟುಂಬದ ಗ್ರೂಪಿಗೂ ಯುವಕ ಮಂಡಲದ ಗ್ರೂಪಿಗೂ ಹಾಕಿ ‘ಎಲ್ಲರೂ ರಿಪೋರ್ಟ್ ಒತ್ತಿ’ ಎನ್ನುವುದು. ಐವತ್ತು ಜನ ಒತ್ತುತ್ತಾರೆ, ಬೆಳಗಾಗುವಾಗ ಖಾತೆ ಮಾಯ. ವಾರ ಕಳೆದು ಅದೇ ಫೋಟೊ ಇನ್ನೊಂದು ಹೆಸರಿನಲ್ಲಿ ಬರುತ್ತದೆ. ಆಗ ಠಾಣೆಗೆ ಹೋದರೆ ಕೈಯಲ್ಲಿರುವುದು ಮೇಲೆ ಕೆಳಗೆ ಕತ್ತರಿಸಿದ ಒಂದು ಸ್ಕ್ರೀನ್‌ಶಾಟ್ ಮಾತ್ರ. ಖಾತೆಯ ಹೆಸರು, ಲಿಂಕ್, ಹಾಕಿದ ದಿನ ಯಾವುದೂ ಇಲ್ಲ. ಆ ಚಿತ್ರ ಒಂದನ್ನೇ ಹಿಡಿದುಕೊಂಡು ತನಿಖಾಧಿಕಾರಿ ಕಂಪನಿಗೆ ಏನೆಂದು ಬರೆದಾರು?

ಭಾರತದಲ್ಲಿ ಇಂಥ ಪೋಸ್ಟುಗಳನ್ನು ತೆಗೆಸಲು ಕಾನೂನು ಸಾಕಷ್ಟಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಅದರಡಿ ಬಂದ 2021ರ ಮಧ್ಯವರ್ತಿ ನಿಯಮಗಳು (ಮಧ್ಯವರ್ತಿ ಎಂದರೆ ಬೇರೆಯವರ ಪೋಸ್ಟುಗಳನ್ನು ಹೊತ್ತು ತೋರಿಸುವ ಫೇಸ್‌ಬುಕ್, ಯೂಟ್ಯೂಬಿನಂಥ ಕಂಪನಿ), 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ, ಇವಿಷ್ಟು ಗೊತ್ತಿದ್ದರೆ ಹೆಚ್ಚಿನ ಪ್ರಕರಣಗಳಿಗೆ ಸಾಲುತ್ತದೆ. ಜನ ಸೋಲುವುದು ಕ್ರಮ ತಪ್ಪಿದ್ದರಿಂದ. ಮೊದಲು ಹಿಡಿದಿಡಬೇಕು, ಆಮೇಲೆ ತೆಗೆಸಬೇಕು.

ಮೊದಲ ಅರ್ಧ ಗಂಟೆ

ಎಲ್ಲಕ್ಕಿಂತ ಮೊದಲು ಬೇಕಾದದ್ದು ಲಿಂಕ್. ಖಾತೆಯದ್ದೊಂದು, ಪೋಸ್ಟಿನದ್ದೊಂದು, ಎರಡೂ ಬೇಕು. ಫೇಸ್‌ಬುಕ್ಕಿನಲ್ಲಿ ಹೆಸರಿನ ಕೆಳಗೆ ಸಣ್ಣದಾಗಿ ಬರೆದಿರುವ ಸಮಯದ ಮೇಲೆ ಕಂಪ್ಯೂಟರಿನಲ್ಲಿ ಕ್ಲಿಕ್ ಮಾಡಿದರೆ ಆ ಪೋಸ್ಟ್ ಒಂದೇ ತೆರೆಯುತ್ತದೆ. ಮೇಲಿನ ವಿಳಾಸಪಟ್ಟಿಯಲ್ಲಿ ಬಂದದ್ದೇ ಅದರ ಲಿಂಕ್. ಕಮೆಂಟಿಗೂ ಹೀಗೆಯೇ, ಕಮೆಂಟಿನ ಕೆಳಗಿನ ಸಮಯದ ಮೇಲೆ ಒತ್ತಿದರೆ ಅದರದ್ದೇ ಲಿಂಕ್ ಸಿಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಶೇರ್ ಒತ್ತಿ ‘ಕಾಪಿ ಲಿಂಕ್’ ಆರಿಸಿ. ಯೂಟ್ಯೂಬಿನಲ್ಲಿ ಪ್ರತಿ ವಿಡಿಯೊಗೆ 11 ಅಕ್ಷರದ ಗುರುತು ಇರುತ್ತದೆ, ಅದು ಪೂರ್ತಿ ಬರಬೇಕು. ಖಾತೆಯ ಮೇಲೆ ಕಾಣುವ ಹೆಸರನ್ನು ನಂಬಬೇಡಿ. ‘ಕುಡ್ಲದ ಹುಲಿ’ ನಾಳೆ ‘ಉಡುಪಿ ಬಾಯ್ಸ್’ ಆಗಬಹುದು. ಯೂಸರ್‌ನೇಮನ್ನೂ ಬದಲಿಸಬಹುದು. ಅದರ ಹಿಂದಿರುವ ಖಾತೆಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಪ್ರೊಫೈಲ್ ಲಿಂಕಿನಲ್ಲಿ ಉದ್ದನೆಯ ಸಂಖ್ಯೆ ಕಂಡರೆ ಅದನ್ನು ಬಿಡದೆ ಬರೆದಿಡಿ.

ಆಮೇಲೆ ಸ್ಕ್ರೀನ್ ರೆಕಾರ್ಡಿಂಗ್. ಈಗಿನ ಫೋನುಗಳಲ್ಲಿ ಹೆಚ್ಚಿನವಕ್ಕೆ ಇದು ಒಳಗೇ ಇದೆ. ದಿನಾಂಕ ಮತ್ತು ಗಡಿಯಾರ ಕಾಣುವ ಹೋಂ ಸ್ಕ್ರೀನಿನಿಂದ ಶುರುಮಾಡಿ, ಆ್ಯಪ್ ತೆರೆದು, ಖಾತೆಯ ಪುಟಕ್ಕೆ ಹೋಗಿ, ನಿಧಾನವಾಗಿ ಕೆಳಗಿಳಿದು, ಪೋಸ್ಟ್ ತೆರೆದು, ಕಮೆಂಟುಗಳನ್ನು ತೋರಿಸಿ, ಕೊನೆಗೆ ಲಿಂಕ್ ಕಾಪಿ ಮಾಡುವುದನ್ನೂ ದಾಖಲಿಸಿ. ಎರಡು ಮೂರು ನಿಮಿಷ ಸಾಕು. ಒಂದೊಂದೇ ಸ್ಕ್ರೀನ್‌ಶಾಟ್ ಇದ್ದರೆ ‘ಫೋಟೊಶಾಪ್ ಮಾಡಿದ್ದು’ ಎಂದು ಎದುರಾಳಿ ಸುಲಭವಾಗಿ ಹೇಳುತ್ತಾನೆ. ಓಡುವ ವಿಡಿಯೊದ ಮೇಲೆ ಹಾಗೆ ಹೇಳುವುದು ಕಷ್ಟ. ಸ್ಟೋರಿ, ಸ್ಟೇಟಸ್‌ಗಳು 24 ಗಂಟೆಯಲ್ಲಿ ಹೋಗುತ್ತವೆ. ಒಮ್ಮೆ ಮಾತ್ರ ತೆರೆಯುವ ‘ವ್ಯೂ ಒನ್ಸ್’ ಚಿತ್ರವಾದರೆ ಸ್ಕ್ರೀನ್‌ಶಾಟ್ ಬರುವುದಿಲ್ಲ. ಇನ್ನೊಂದು ಫೋನ್ ಸಿದ್ಧವಾಗಿಟ್ಟುಕೊಂಡೇ ತೆರೆಯಿರಿ.

ವಾಟ್ಸ್ಆ್ಯಪಿನಲ್ಲಿ ಲಿಂಕ್ ಎಂಬುದಿಲ್ಲ. ಅಲ್ಲಿ ಆಧಾರ ಫೋನ್ ನಂಬರ್. ಕಳುಹಿಸಿದವರ ಹೆಸರಿನ ಮೇಲೆ ಒತ್ತಿ ದೇಶದ ಕೋಡ್ ಸಹಿತ ಪೂರ್ಣ ನಂಬರ್ ಕಾಣುವ ಹಾಗೆ ಚಿತ್ರ ತೆಗೆಯಿರಿ. ನಮ್ಮ ಕರಾವಳಿಯಲ್ಲಿ 91ರ ಬದಲು 971 (ಯುಎಇ) ಅಥವಾ 966 (ಸೌದಿ) ಕಂಡರೆ ಆಶ್ಚರ್ಯಪಡಬೇಕಿಲ್ಲ. ಗ್ರೂಪಾದರೆ ಗ್ರೂಪ್ ಇನ್ಫೊ ಪುಟ, ಅಡ್ಮಿನ್‌ಗಳ ಪಟ್ಟಿ, ಸಂದೇಶ ಬಂದ ಸಮಯ. ಬಳಿಕ ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ, ಮೀಡಿಯಾ ಸಹಿತ ನಿಮ್ಮದೇ ಇಮೇಲಿಗೆ ಕಳುಹಿಸಿಕೊಳ್ಳಿ. ಸಿಟ್ಟಿನಲ್ಲಿ ಗ್ರೂಪಿನಿಂದ ಹೊರಬರುವುದು ಇಷ್ಟೆಲ್ಲ ಆದ ಮೇಲೆ. ಗ್ರೂಪಿನಲ್ಲಿ ‘ಡಿಸಪಿಯರಿಂಗ್’ ಚಾಲೂ ಇದ್ದರೆ ಸಂದೇಶ 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ತಾನಾಗಿ ಅಳಿಯುತ್ತದೆ. ಹಾಗಾಗಿ ಪುರುಸೊತ್ತು ಮಾಡಿಕೊಂಡು ನೋಡುವ ವಿಷಯವಲ್ಲ.

ಹಿಡಿದಿಟ್ಟ ಫೈಲುಗಳನ್ನು ಪೆನ್‌ಡ್ರೈವಿಗೆ ಅಥವಾ ಕಂಪ್ಯೂಟರಿಗೆ ಕೇಬಲ್ ಮೂಲಕ ಹಾಕಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗುತ್ತದೆ, ಒಳಗಿನ ದಿನಾಂಕ ಮುಂತಾದ ವಿವರ ಹೋಗುತ್ತದೆ, ಫೈಲಿನ ಹ್ಯಾಷ್ ಬದಲಾಗುತ್ತದೆ. ಹ್ಯಾಷ್ ಎಂದರೆ ಫೈಲಿನ ಬೆರಳಚ್ಚು ಎಂದಿಟ್ಟುಕೊಳ್ಳಿ. ಎಸ್‌ಎಚ್‌ಎ-256 ವಿಧಾನದಲ್ಲಿ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಸಾಧನದಿಂದ ಇದನ್ನು ತೆಗೆಯಬಹುದು. ಇದು ಯಾಕೆ ಬೇಕೆಂದರೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ: ‘ಎ’ ಭಾಗ ನೀವು ತುಂಬುವುದು, ‘ಬಿ’ ಭಾಗ ತಜ್ಞರು ತುಂಬುವುದು. ಅದರಲ್ಲಿ ಫೋನಿನ ಕಂಪನಿ, ಮಾದರಿ, ಐಎಂಇಐ ನಂಬರಿನ ಜೊತೆಗೆ ಹ್ಯಾಷ್ ಕೂಡ ಬರೆಯಬೇಕು. ಪ್ರಕರಣ ಮುಗಿಯುವವರೆಗೆ ಆ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ, ಎಕ್ಸ್‌ಚೇಂಜ್ ಆಫರಿಗೂ ಕೊಡಬೇಡಿ.

ಈ ಕ್ರಮಕ್ಕೆ ಒಂದೇ ಒಂದು ಅಪವಾದವಿದೆ, ಅದನ್ನು ಗಟ್ಟಿಯಾಗಿ ನೆನಪಿಡಬೇಕು. 18 ತುಂಬದ ಮಕ್ಕಳ ಲೈಂಗಿಕ ಚಿತ್ರ ಅಥವಾ ವಿಡಿಯೊ ಆಗಿದ್ದರೆ ಪ್ರತಿ ಮಾಡಬೇಡಿ, ಯಾರಿಗೂ, ಸಾಕ್ಷಿಗೆಂದೂ, ಫಾರ್ವರ್ಡ್ ಮಾಡಬೇಡಿ. ಐಟಿ ಕಾಯ್ದೆಯ 67ಬಿ ಕಲಂ ಅದನ್ನು ಹುಡುಕುವುದನ್ನೂ ಇಳಿಸಿಕೊಳ್ಳುವುದನ್ನೂ ಅಪರಾಧ ಎನ್ನುತ್ತದೆ. ಪೋಕ್ಸೊ ಕಾಯ್ದೆಯ 15ನೇ ಕಲಮಿನಡಿ ಇಟ್ಟುಕೊಳ್ಳುವುದೂ ಅಪರಾಧವೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಲಿಂಕ್, ಖಾತೆಯ ಹೆಸರು, ಸಮಯ ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡು ನೇರ ಪೊಲೀಸರ ಬಳಿ ಹೋಗಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇದು ಯಾವ ಬಗೆಯದ್ದು?

ಎಲ್ಲ ಕೆಟ್ಟ ಪೋಸ್ಟಿಗೂ ಒಂದೇ ಮದ್ದಲ್ಲ. ಖಾಸಗಿ ಅಂಗ ತೋರಿಸುವ ಚಿತ್ರ, ಲೈಂಗಿಕ ದೃಶ್ಯ, ತಿರುಚಿದ ಅಥವಾ ಎಐಯಿಂದ ಮಾಡಿದ ಚಿತ್ರ, ನಿಮ್ಮ ಹೆಸರಿನ ನಕಲಿ ಖಾತೆ, ಇವು ತುರ್ತು ವರ್ಗ. ನಿಯಮಾವಳಿಯ 3(2)(ಬಿ) ಇವಕ್ಕಾಗಿಯೇ ಇದೆ. ಶಿಕ್ಷೆಯ ಕಡೆಯಿಂದ ನೋಡಿದರೆ ಐಟಿ ಕಾಯ್ದೆಯ 66ಸಿ (ಗುರುತಿನ ಕಳವು, 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ), 66ಡಿ (ಬೇರೆಯವರಂತೆ ನಟಿಸಿ ವಂಚನೆ), 66ಇ (ಖಾಸಗಿತನದ ಉಲ್ಲಂಘನೆ), 67 (ಅಶ್ಲೀಲ), 67ಎ (ಲೈಂಗಿಕ ದೃಶ್ಯ, ಮೊದಲ ಬಾರಿಗೆ 5 ವರ್ಷ ಮತ್ತು 10 ಲಕ್ಷದವರೆಗೆ) ಅನ್ವಯಿಸುತ್ತವೆ. ‘ದುಡ್ಡು ಕೊಡದಿದ್ದರೆ ಹಾಕುತ್ತೇನೆ’ ಎಂದರೆ ಅದು ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆ. ಹಿಂದೆ ಬಿದ್ದು ಪದೇ ಪದೇ ಸಂದೇಶ ಕಳುಹಿಸಿ ಹೆಣ್ಣುಮಕ್ಕಳನ್ನು ಕಾಡಿದರೆ 78. ದುಡ್ಡು ಕೇಳುವವನಿಗೆ ಒಮ್ಮೆ ಕೊಟ್ಟರೆ ಅಲ್ಲಿಗೆ ಮುಗಿಯುವುದಿಲ್ಲ. ಕೊಡುವ ಶಕ್ತಿ ಇದೆ ಎಂದು ಅವನಿಗೆ ಗೊತ್ತಾಗುತ್ತದೆ, ಅಷ್ಟೆ.

ಧರ್ಮ, ಜಾತಿಗಳ ಮಧ್ಯೆ ಹಗೆ ಹುಟ್ಟಿಸುವ ಪೋಸ್ಟಿಗೆ ನ್ಯಾಯ ಸಂಹಿತೆಯ 196, 299, 353ನೇ ಕಲಮುಗಳು. ಕರಾವಳಿಯಲ್ಲಿ ಇದರ ಬಿಸಿ ಎಲ್ಲರಿಗೂ ಗೊತ್ತಿರುವುದೇ. 2025ರ ಜೂನ್‌ನಲ್ಲಿ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆಂದೇ ವಿಶೇಷ ಕಾರ್ಯಪಡೆಯನ್ನು ಮಾಡಿದೆ.

ಇನ್ನು ‘ನನ್ನ ಅಂಗಡಿಯ ಬಗ್ಗೆ ಸುಳ್ಳು ಬರೆದಿದ್ದಾನೆ’, ‘ದೇವಸ್ಥಾನದ ಲೆಕ್ಕದಲ್ಲಿ ನುಂಗಿದ್ದೇನೆ ಎಂದಿದ್ದಾನೆ’ ಎಂಬ ಬಗೆ. ಇದು ಮಾನಹಾನಿ. ಇದಕ್ಕೆ ದಾರಿಯೇ ಬೇರೆ, ಮುಂದೆ ಹೇಳುತ್ತೇವೆ. ಇದನ್ನು ತುರ್ತು ವರ್ಗಕ್ಕೆ ತುರುಕಿ ದೂರು ಕೊಟ್ಟರೆ ಕಂಪನಿ ತಿರಸ್ಕರಿಸುತ್ತದೆ. ಯಾರಾದರೂ ‘66ಎ ಹಾಕಿಸುತ್ತೇನೆ’ ಎಂದರೆ ಹೆದರಬೇಡಿ, ನೀವೂ ಹಾಗೆ ಹೇಳಬೇಡಿ: ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಮಾಡಿದೆ.

ಕಂಪನಿಗೆ ದೂರು: ರಿಪೋರ್ಟ್ ಬಟನ್ ಸಾಲದು

ಆ್ಯಪಿನೊಳಗಿನ ‘ರಿಪೋರ್ಟ್’ ಬಟನ್ ಒತ್ತಿದಾಗ ಕಂಪನಿ ನೋಡುವುದು ತನ್ನದೇ ನೀತಿಯನ್ನು. ಭಾರತದ ನಿಯಮದಡಿ ದೂರು ಕೊಡಬೇಕಾದದ್ದು ಕುಂದುಕೊರತೆ ಅಧಿಕಾರಿಗೆ, ಅಂದರೆ ಗ್ರೀವೆನ್ಸ್ ಆಫೀಸರಿಗೆ. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ಜಾಲತಾಣಕ್ಕೆ ಭಾರತದಲ್ಲೇ ವಾಸವಿರುವ ಅಧಿಕಾರಿ ಕಡ್ಡಾಯ. ಹೆಸರು, ಸಂಪರ್ಕ ವಿವರ ಅವರ ಆ್ಯಪ್ ಅಥವಾ ಜಾಲತಾಣದಲ್ಲಿ ಇರಲೇಬೇಕು. ಸಾಮಾನ್ಯವಾಗಿ ‘ಹೆಲ್ಪ್’ ವಿಭಾಗದಲ್ಲಿ, ಭಾರತದ ಕುಂದುಕೊರತೆ ಅಧಿಕಾರಿ ಎಂಬ ಪುಟದಲ್ಲಿ ಸಿಗುತ್ತದೆ. ಅಲ್ಲಿಗೆ ಕೊಟ್ಟ ದೂರಿಗೆ ಟಿಕೆಟ್ ನಂಬರ್ ಬರುತ್ತದೆ. ಮುಂದಿನ ಎಲ್ಲ ಹೆಜ್ಜೆಗೂ ಆ ನಂಬರೇ ಬೇಕು.

ಗಡುವುಗಳು ಇತ್ತೀಚೆಗೆ ಬದಲಾಗಿವೆ. 2021ರ ನಿಯಮದಲ್ಲಿ ತುರ್ತು ವರ್ಗಕ್ಕೆ 24 ಗಂಟೆ, ಸಾಮಾನ್ಯ ದೂರಿಗೆ 15 ದಿನ ಇತ್ತು. 2026ರ ಫೆಬ್ರವರಿ 20ರಿಂದ ಜಾರಿಗೆ ಬಂದ ತಿದ್ದುಪಡಿ ತುರ್ತು ವರ್ಗವನ್ನು 2 ಗಂಟೆಗೆ, ಸಾಮಾನ್ಯ ದೂರನ್ನು 7 ದಿನಕ್ಕೆ ಇಳಿಸಿದೆ. ಕೆಲವು ಬಗೆಯ ವಿಷಯವನ್ನು ತೆಗೆಯಿರೆಂಬ ಕೋರಿಕೆಗೆ ಇದ್ದ 72 ಗಂಟೆ ಈಗ 36. ದೂರು ತಲುಪಿದೆ ಎಂಬ ಸ್ವೀಕೃತಿ 24 ಗಂಟೆಯೊಳಗೆ ಬರಬೇಕು. ತುರ್ತು ವರ್ಗದಲ್ಲಿ ದೂರನ್ನು ಸಂತ್ರಸ್ತರೇ ಕೊಡಬೇಕೆಂದಿಲ್ಲ, ಅವರ ಪರವಾಗಿ ಅಣ್ಣನೋ ಅತ್ತಿಗೆಯೋ ಕೊಡಬಹುದು.

ದೂರು ಉದ್ದವಾಗಿದ್ದಷ್ಟೂ ಕೆಲಸ ನಿಧಾನ. ಹೀಗೆ ಬರೆದರೆ ಸಾಕು:

*‘ವಿಷಯ: ಐಟಿ ನಿಯಮಗಳು 2021ರ ನಿಯಮ 3(2)(ಬಿ) ಅಡಿ ದೂರು — ನಕಲಿ ಖಾತೆ ಮತ್ತು ತಿರುಚಿದ ಚಿತ್ರ.*
*ಖಾತೆಯ ಲಿಂಕ್: … ಪೋಸ್ಟಿನ ಲಿಂಕ್: (ಒಂದೊಂದು ಸಾಲಿಗೆ ಒಂದರಂತೆ) … ಮೊದಲು ಕಂಡ ದಿನ, ಸಮಯ: …*
*ಈ ಚಿತ್ರದಲ್ಲಿರುವುದು ನಾನು. ನನ್ನ ಒಪ್ಪಿಗೆಯಿಲ್ಲದೆ ತಿರುಚಿ ಹಾಕಲಾಗಿದೆ. ನನ್ನ ನಿಜವಾದ ಖಾತೆಯ ಲಿಂಕ್: …*
*ದಯವಿಟ್ಟು ಈ ಲಿಂಕುಗಳನ್ನು ತೆಗೆದುಹಾಕಿ, ಖಾತೆಯ ನೋಂದಣಿ ವಿವರ ಮತ್ತು ಲಾಗ್‌ಗಳನ್ನು ತನಿಖೆಗಾಗಿ ಉಳಿಸಿಡಿ.’*

ಕೊನೆಯ ಸಾಲನ್ನು ಬಿಡಬೇಡಿ. ತೆಗೆದ ವಿಷಯವನ್ನೂ ಅದಕ್ಕೆ ಸೇರಿದ ದಾಖಲೆಯನ್ನೂ ಕಂಪನಿ 180 ದಿನ ಇಟ್ಟುಕೊಳ್ಳಬೇಕೆಂದು ನಿಯಮವಿದೆ. ಮುಚ್ಚಿದ ಖಾತೆಯ ನೋಂದಣಿ ವಿವರಕ್ಕೂ 180 ದಿನ. ಆರು ತಿಂಗಳು ದಾಟಿ ಪೊಲೀಸರು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರಬಹುದು. ಠಾಣೆಗೆ ಹೋಗಲು ತಡಮಾಡಬಾರದೆಂದು ಹೇಳುವುದು ಇದಕ್ಕೇ.

ನಮ್ಮೂರಿನವರಿಗೆ ಮಾತ್ರ ಬರುವ ತೊಡಕು ಒಂದಿದೆ. ಬೈಗುಳ, ಬೆದರಿಕೆ ಹೆಚ್ಚಾಗಿ ಇರುವುದು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಅಥವಾ ಕುಂದಗನ್ನಡದಲ್ಲಿ, ಬರೆದಿರುವುದು ಕನ್ನಡ ಲಿಪಿಯಲ್ಲಿ. ಪರಿಶೀಲಿಸುವ ಯಂತ್ರವೋ ಮನುಷ್ಯರೋ ಅದನ್ನು ಕನ್ನಡವೆಂದೇ ಓದಬಹುದು. ತುಳುವಿನ ‘ತೂಕ’ ಎಂದರೆ ‘ನೋಡೋಣ’, ಧಾಟಿ ನೋಡಿದರೆ ‘ನೋಡಿಕೊಳ್ಳುತ್ತೇವೆ’ ಎಂಬ ಬೆದರಿಕೆ. ಕನ್ನಡವೆಂದು ಓದಿದವರಿಗೆ ಅದು ಕಿಲೋಗ್ರಾಂ ಲೆಕ್ಕ. ಹಾಗಾಗಿ ದೂರಿನಲ್ಲಿ ಮೂಲ ವಾಕ್ಯ, ಭಾಷೆಯ ಹೆಸರು, ಸರಳ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಅರ್ಥ, ಸ್ಥಳೀಯವಾಗಿ ಅದು ಯಾಕೆ ಬೆದರಿಕೆ ಎಂಬ ಒಂದು ಸಾಲು, ಇಷ್ಟನ್ನು ಸೇರಿಸಿ. ಪೊಲೀಸ್ ದೂರಿನಲ್ಲೂ ಹೀಗೆಯೇ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಇನ್‌ಸ್ಪೆಕ್ಟರಿಗೆ ತುಳು ಬರಬೇಕೆಂದೇನಿಲ್ಲ.

ನಗ್ನಚಿತ್ರ ಹರಡುವ ಭಯವಿದ್ದರೆ, ಹರಡುವ ಮೊದಲೇ ತಡೆಯಲು ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಹ್ಯಾಷ್ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಸದಸ್ಯ ಕಂಪನಿಗಳು ಅದೇ ಬೆರಳಚ್ಚಿನ ಚಿತ್ರ ಬಂದರೆ ತಡೆಯುತ್ತವೆ. ಇದು 18 ದಾಟಿದವರಿಗೆ. ಚಿತ್ರ ತೆಗೆದಾಗ 18 ಆಗಿರದಿದ್ದರೆ ‘ಟೇಕ್ ಇಟ್ ಡೌನ್’ ಎಂಬುದು ಇದೇ ಕೆಲಸ ಮಾಡುತ್ತದೆ. ಹ್ಯಾಷ್ ತೆಗೆಯಲು ಮೂಲ ಚಿತ್ರ ಬೇಕು, ನಾಚಿಕೆಯಿಂದ ಅದನ್ನು ಅಳಿಸಿದ್ದರೆ ಇದು ಸಾಧ್ಯವಿಲ್ಲ.

ಒಂದು ಅಡ್ಡದಾರಿಯೂ ಇದೆ, ಪೂರ್ತಿ ಕಾನೂನುಬದ್ಧ. ಫೋಟೊ ನೀವೇ ತೆಗೆದ ಸೆಲ್ಫಿಯಾದರೆ ಕಾಪಿರೈಟ್ ನಿಮ್ಮದು. ಯಕ್ಷಗಾನ ಮೇಳದ ವಿಡಿಯೊ ಕದ್ದು ಹಾಕಿಕೊಂಡವರ ಮೇಲೂ ಇದೇ ಅಸ್ತ್ರ. ಕಾಪಿರೈಟ್ ನಿಯಮಗಳು 2013ರ 75ನೇ ನಿಯಮದ ಪ್ರಕಾರ ಲಿಖಿತ ದೂರು ಬಂದ 36 ಗಂಟೆಯಲ್ಲಿ ಅದನ್ನು ಕಾಣದಂತೆ ಮಾಡಬೇಕು. 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ಅದು ಮತ್ತೆ ಕಾಣಿಸಿಕೊಳ್ಳಬಹುದು. ಸ್ಟುಡಿಯೊದವರು ತೆಗೆದ ಚಿತ್ರಕ್ಕೆ ಈ ದಾರಿ ಹಿಡಿಯುವ ಮೊದಲು ಹಕ್ಕು ಯಾರದ್ದೆಂದು ವಿಚಾರಿಸಿ.

ಕಂಪನಿ ಒಪ್ಪದಿದ್ದರೆ ಅಥವಾ ಗಡುವು ದಾಟಿದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿ ಇದೆ. 2023ರ ಜನವರಿಯಲ್ಲಿ ಇಂಥ ಮೂರು ಸಮಿತಿಗಳನ್ನು ರಚಿಸಲಾಯಿತು. ಎಲ್ಲವೂ ಆನ್‌ಲೈನ್, ಜಿಎಸಿ ಡಾಟ್ ಗವ್ ಡಾಟ್ ಇನ್. ಕಂಪನಿಯ ಉತ್ತರ ಬಂದ 30 ದಿನದೊಳಗೆ ಮನವಿ ಹಾಕಬೇಕು, ಸಮಿತಿಯೂ 30 ದಿನದಲ್ಲಿ ಮುಗಿಸಲು ಯತ್ನಿಸಬೇಕು. ಟಿಕೆಟ್ ನಂಬರ್, ನೀವು ಬರೆದದ್ದು, ಅವರ ಉತ್ತರ ಇವು ಇಲ್ಲಿ ಬೇಕು. ಬರೀ ರಿಪೋರ್ಟ್ ಬಟನ್ ಒತ್ತಿದವರು ಇಲ್ಲಿ ಬಂದು ನಿಲ್ಲುತ್ತಾರೆ. ನಿಮ್ಮದೇ ಪೋಸ್ಟನ್ನು ಕಂಪನಿ ಅನ್ಯಾಯವಾಗಿ ತೆಗೆದಿದ್ದರೂ ಇದೇ ಬಾಗಿಲು.

ಠಾಣೆಗೆ ಹೋಗುವಾಗ

ದುಡ್ಡು ಹೋಗಿದ್ದರೆ ಬೇರೆಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಹಾರುವ ಮೊದಲು ತಡೆಹಿಡಿಯಲು ಸಿಗುವುದು ಕೆಲವು ಗಂಟೆ ಮಾತ್ರ. ಬರೀ ಪೋಸ್ಟಿನ ವಿಷಯವಾದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ರಾಷ್ಟ್ರೀಯ ಪೋರ್ಟಲಿನಲ್ಲಿ ದಾಖಲಿಸಬಹುದು. ಮಹಿಳೆ ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗದಲ್ಲಿ ಹೆಸರು ಹೇಳದೆ ದೂರು ಕೊಡುವ ಆಯ್ಕೆ ಇದೆ; ಆದರೆ ಹಾಗೆ ಕೊಟ್ಟರೆ ಮುಂದೇನಾಯಿತೆಂದು ನೋಡಲು ಬರುವುದಿಲ್ಲ. ವಿವರಣೆಯ ಜಾಗದಲ್ಲಿ ಕನಿಷ್ಠ 200 ಅಕ್ಷರ ಬೇಕು, ವಿಶೇಷ ಚಿಹ್ನೆಗಳನ್ನು ಅದು ಸ್ವೀಕರಿಸುವುದಿಲ್ಲ. ಬರೆದದ್ದು ಸೇವ್ ಆಗದಿದ್ದರೆ ಚಿಹ್ನೆಗಳನ್ನು ತೆಗೆದು ನೋಡಿ.

ಪೋರ್ಟಲಿನ ಸ್ವೀಕೃತಿ ನಂಬರ್ ಎಫ್‌ಐಆರ್ ಅಲ್ಲ. ಅದು ಸಂಬಂಧಪಟ್ಟ ಪೊಲೀಸರಿಗೆ ಹೋಗಿ, ಅವರು ನಿಮ್ಮನ್ನು ಕರೆಸಿ, ಆಮೇಲೆ ದಾಖಲಾಗುವುದು. ಅದಕ್ಕೆ ಕಾಯುತ್ತಾ ಕೂರದೆ ಸ್ವೀಕೃತಿಯ ಪ್ರತಿ ಹಿಡಿದು ಠಾಣೆಗೇ ಹೋಗುವುದು ಲೇಸು. ಯಾವ ಠಾಣೆ ಎಂಬಲ್ಲಿ ನಮ್ಮ ಜಿಲ್ಲೆಯವರು ಗೊಂದಲ ಮಾಡಿಕೊಳ್ಳುತ್ತಾರೆ. ಮಂಗಳೂರು ನಗರದ ಜೊತೆಗೆ ಸುರತ್ಕಲ್, ಉಳ್ಳಾಲ, ಕೊಣಾಜೆ, ಬಜ್ಪೆ, ಮೂಲ್ಕಿ, ಮೂಡುಬಿದಿರೆ ಎಲ್ಲ ನಗರ ಪೊಲೀಸ್ ಕಮಿಷನರೇಟಿಗೆ ಸೇರಿದವು. ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ ಜಿಲ್ಲಾ ಎಸ್ಪಿಯವರ ವ್ಯಾಪ್ತಿ. ಕಾಪುವಿನಿಂದ ಬೈಂದೂರಿನವರೆಗೆ, ಕಾರ್ಕಳ, ಹೆಬ್ರಿ ಸೇರಿ, ಉಡುಪಿ ಎಸ್ಪಿಯವರದ್ದು. ಮೂರು ಕಡೆಯೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಸೆನ್ ಠಾಣೆ ಇದೆ.

ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯ ಅಪರಾಧವನ್ನು ತನಿಖೆ ಮಾಡುವವರು ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇರಬಾರದು. ಪಿಎಸ್‌ಐ ಮುಖ್ಯಸ್ಥರಾಗಿರುವ ಠಾಣೆಯಲ್ಲಿ ‘ಸೆನ್‌ಗೆ ಹೋಗಿ’ ಎನ್ನುವುದಕ್ಕೆ ಇದೇ ಕಾರಣ. ಆದರೆ ದೂರು ಸ್ವೀಕರಿಸುವುದಿಲ್ಲ ಎನ್ನಲು ಇದು ನೆವವಲ್ಲ: ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಸಂಜ್ಞೇಯ (ಪೊಲೀಸರು ನೇರ ಎಫ್‌ಐಆರ್ ಮಾಡಬಹುದಾದ) ಅಪರಾಧವಾದರೆ, ವ್ಯಾಪ್ತಿ ಯಾವುದೇ ಇರಲಿ, ಎಫ್‌ಐಆರ್ ಮಾಡಿ ವರ್ಗಾಯಿಸಬಹುದು. ಇಮೇಲಿನಲ್ಲೂ ದೂರು ಕೊಡಬಹುದು, ಆದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧದಲ್ಲಿ 14 ದಿನದ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ; ಹಾಗಾದರೆ ಅರ್ಜಿಯ ಸ್ವೀಕೃತಿ ಕೇಳಿ ಪಡೆಯಿರಿ. ನಿರಾಕರಿಸಿದರೆ ಹಿಂಬರಹ ಕೇಳಿ. ಅದನ್ನಿಟ್ಟುಕೊಂಡು ಎಸ್ಪಿ ಅಥವಾ ಕಮಿಷನರಿಗೆ ಅಂಚೆಯಲ್ಲಿ ದೂರು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸುವುದು ಪೊಲೀಸರ ಕರ್ತವ್ಯ.

ಆರೋಪಿ ದುಬೈಯಲ್ಲೋ ಕುವೈತಿನಲ್ಲೋ ಇದ್ದರೆ ಕೇಸೇ ಆಗುವುದಿಲ್ಲ ಎಂಬ ಮಾತು ಊರಲ್ಲಿ ಚಲಾವಣೆಯಲ್ಲಿದೆ. ತಪ್ಪು. ಭಾರತದಲ್ಲಿರುವ ಕಂಪ್ಯೂಟರ್ ಅಥವಾ ಜಾಲ ಬಳಕೆಯಾಗಿದ್ದರೆ ಹೊರಗಿನಿಂದ ಮಾಡಿದ ಅಪರಾಧಕ್ಕೂ ಐಟಿ ಕಾಯ್ದೆಯ 75ನೇ ಕಲಂ ಅನ್ವಯಿಸುತ್ತದೆ. ಹಿಡಿದು ತರುವುದು ನಿಧಾನ, ಅದು ಬೇರೆ ಮಾತು.

‘ಎಸ್‌ಐ ಹೇಳಿದರೂ ಯೂಟ್ಯೂಬಿನವರು ತೆಗೆಯಲಿಲ್ಲ’ ಎಂದೂ ದೂರುವುದುಂಟು. 2025ರ ನವೆಂಬರ್ 15ರಿಂದ ನಿಯಮ ಬಿಗಿಯಾಗಿದೆ: 3(1)(ಡಿ) ಅಡಿ ಕಂಪನಿಗೆ ಅಧಿಕೃತ ಸೂಚನೆ ಕೊಡುವ ಪೊಲೀಸ್ ಅಧಿಕಾರಿ ಡಿಐಜಿ ದರ್ಜೆಗೆ ಕಡಿಮೆ ಇರಬಾರದು. ಅಂಥ ಸೂಚನೆ ಅಥವಾ ನ್ಯಾಯಾಲಯದ ಆದೇಶ ತಲುಪಿದ ಮೇಲೆ ತೆಗೆಯಲು ಮೊದಲು 36 ಗಂಟೆ ಇತ್ತು, ಈಗ 3 ಗಂಟೆ. ಸರ್ಕಾರ ಇಂಥ ಸೂಚನೆ ಕಳುಹಿಸುವ ಸಹಯೋಗ್ ಪೋರ್ಟಲನ್ನು ಎಕ್ಸ್ ಕಂಪನಿ ಪ್ರಶ್ನಿಸಿತ್ತು; ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ಆ ಅರ್ಜಿಯನ್ನು ವಜಾ ಮಾಡಿತು.

ಮಾನಹಾನಿಯಾದರೆ

ನ್ಯಾಯ ಸಂಹಿತೆಯ 356ನೇ ಕಲಮಿನ ಮಾನಹಾನಿ ಪೊಲೀಸರು ನೇರ ಎಫ್‌ಐಆರ್ ಮಾಡುವ ಅಪರಾಧವಲ್ಲ. ಠಾಣೆಯಲ್ಲಿ ದಿನಗಟ್ಟಲೆ ಕುಳಿತು ಪ್ರಯೋಜನವಿಲ್ಲ. ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬೇಕು. ಇದಕ್ಕೆ ಕಾಲಮಿತಿ 3 ವರ್ಷ. ಪರಿಹಾರ ಕೇಳಿ ಸಿವಿಲ್ ದಾವೆ ಹೂಡುವುದಾದರೆ ಪೋಸ್ಟ್ ಪ್ರಕಟವಾದ ದಿನದಿಂದ 1 ವರ್ಷ ಮಾತ್ರ. ಈ ಒಂದು ವರ್ಷ ಬಹಳ ಜನರಿಗೆ ಕೈತಪ್ಪುತ್ತದೆ.

ಕಂಪನಿ ಯಾಕೆ ತಾನಾಗಿ ತೆಗೆಯುವುದಿಲ್ಲ? 2022ರ ಅಕ್ಟೋಬರಿನ ತಿದ್ದುಪಡಿಯಲ್ಲಿ, ಹಾಕಬಾರದ ವಿಷಯಗಳ ಪಟ್ಟಿಯಿಂದ ‘ಮಾನಹಾನಿಕರ’ ಎಂಬ ಪದವನ್ನೇ ತೆಗೆಯಲಾಯಿತು. ಯಾವುದು ಸುಳ್ಳು, ಯಾವುದು ಟೀಕೆ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಕಂಪನಿಯ ನೌಕರನದ್ದಲ್ಲ. ಅದು ಸರಿಯೂ ಹೌದು ಎಂಬುದು ನಮ್ಮ ಅಭಿಪ್ರಾಯ. ಇಲ್ಲದಿದ್ದರೆ ಪಂಚಾಯತಿನ ರಸ್ತೆ ಹೊಂಡದ ಬಗ್ಗೆ ಬರೆದ ಪೋಸ್ಟೂ ಎರಡು ಗಂಟೆಯಲ್ಲಿ ಮಾಯವಾದೀತು.

ನ್ಯಾಯಾಲಯದಲ್ಲೂ ಸಾರಾಸಗಟಾಗಿ ಕೇಳಿದರೆ ಉಳಿಯುವುದು ಕಷ್ಟ. 2025ರ ಜುಲೈಯಲ್ಲಿ ಧರ್ಮಸ್ಥಳದ ವಿಷಯಕ್ಕೆ ಸಂಬಂಧಿಸಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಎದುರು ಪಕ್ಷದ ಮಾತು ಕೇಳದೆ 8,842 ಲಿಂಕುಗಳನ್ನು ತೆಗೆಯಲು ತಾತ್ಕಾಲಿಕ ಆದೇಶ ಕೊಟ್ಟಿತ್ತು. ಆಗಸ್ಟ್ 1ರಂದು ಹೈಕೋರ್ಟ್ ಅದನ್ನು ರದ್ದುಪಡಿಸಿತು. ದಾವೆಯಲ್ಲಿ ಪ್ರತಿ ಲಿಂಕಿನ ಎದುರು, ಅದರಲ್ಲಿ ಯಾವ ವಾಕ್ಯ, ಎಷ್ಟನೇ ನಿಮಿಷದಲ್ಲಿ, ಅದು ಹೇಗೆ ಸುಳ್ಳು ಎಂದು ಬರೆದ ಕೋಷ್ಟಕ ಇರಲಿ. ಹತ್ತು ಲಿಂಕಿನ ಗಟ್ಟಿ ಕೋಷ್ಟಕಕ್ಕೆ ಸಾವಿರ ಲಿಂಕಿನ ಪಟ್ಟಿಗಿಂತ ಬೆಲೆ ಹೆಚ್ಚು.

ದೂರು ನಿಮ್ಮ ಮೇಲೆಯೇ ಬಂದರೆ

ಗ್ರೂಪ್ ಅಡ್ಮಿನ್‌ಗಳಿಗೆ ಮೊದಲು. ಸದಸ್ಯನೊಬ್ಬ ಹಾಕಿದ್ದಕ್ಕೆ ಅಡ್ಮಿನ್ ಎಂಬ ಕಾರಣಕ್ಕೇ ಹೊಣೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಅಡ್ಮಿನ್ ಅದಕ್ಕೆ ಹೆಬ್ಬೆರಳು ತೋರಿಸಿದ್ದರೆ, ಮುಂದಕ್ಕೆ ಕಳುಹಿಸಿದ್ದರೆ ಈ ರಕ್ಷಣೆ ಇಲ್ಲ. ಈಗ ಅಡ್ಮಿನ್‌ಗೆ ಯಾರ ಸಂದೇಶವನ್ನಾದರೂ ಎಲ್ಲರಿಗೂ ಅಳಿಸುವ ಸೌಲಭ್ಯವಿದೆ. ಚಿತ್ರ ತೆಗೆದಿಟ್ಟುಕೊಂಡು ಅಳಿಸಿ, ಗ್ರೂಪಿನಲ್ಲಿ ಒಂದು ಸಾಲಿನ ಎಚ್ಚರಿಕೆ ಹಾಕಿ.

ನಿಮ್ಮ ಮಾತಿನ ಮೇಲೆ 196ರಂಥ ಕಲಂ ಹಾಕುವ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದೇ ಸೂಕ್ತವೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರ ತೀರ್ಪಿನಲ್ಲಿ ಹೇಳಿದೆ. ಮಾತನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ ಸಾಮಾನ್ಯ ಮನುಷ್ಯನ ಅಳತೆಯಲ್ಲಿ, ಎಲ್ಲದಕ್ಕೂ ನೊಂದುಕೊಳ್ಳುವವರ ಅಳತೆಯಲ್ಲಲ್ಲ ಎಂಬುದೂ ಅದರಲ್ಲಿದೆ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣದಲ್ಲಿ, ಬಂಧನದ ಅಗತ್ಯ ಕಾಣದಿದ್ದರೆ, ನಾಗರಿಕ ಸುರಕ್ಷಾ ಸಂಹಿತೆಯ 35(3) ಅಡಿ ಹಾಜರಾಗಲು ನೋಟಿಸ್ ಬರುತ್ತದೆ. ಆ ನೋಟಿಸನ್ನು ವಾಟ್ಸ್ಆ್ಯಪಿನಲ್ಲಿ ಕೊಟ್ಟರೆ ಸಾಲದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ವಿಡಿಯೊ ಕಾಲ್ ಮಾಡಿ ‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎನ್ನುವವನು ಪೊಲೀಸನೇ ಅಲ್ಲ. ಫೋನ್ ಇಟ್ಟು 1930ಕ್ಕೆ ಕರೆ ಮಾಡಿ.

ನೋಟಿಸ್ ಕೈಗೆ ಬಂದರೆ ಹೇಳಿದ ದಿನ ಹೋಗಿ, ಒಂದು ಪ್ರತಿಯ ಮೇಲೆ ಹಾಜರಾದ ಬಗ್ಗೆ ಸಹಿ, ದಿನಾಂಕ ಕೇಳಿ. ಹೆದರಿ ಪೋಸ್ಟನ್ನೋ ಚಾಟನ್ನೋ ಅಳಿಸಬೇಡಿ, ಸಾಕ್ಷ್ಯ ನಾಶದ ಇನ್ನೊಂದು ಆರೋಪ ಸೇರಿಕೊಳ್ಳುತ್ತದೆ. ನೀವು ಬರೆದದ್ದು ಯಾವುದಕ್ಕೆ ಉತ್ತರವಾಗಿ, ಅದರ ಹಿಂದೆ ಮುಂದೆ ಏನಿತ್ತು ಎಂಬುದೇ ಎಷ್ಟೋ ಸಲ ನಿಮ್ಮ ರಕ್ಷಣೆ. ಅದನ್ನು ಪೂರ್ತಿ ರೆಕಾರ್ಡ್ ಮಾಡಿ, ಲಿಂಕ್ ಸಹಿತ ಎರಡು ಪ್ರತಿ ಮಾಡಿ. ಒಂದು ವಕೀಲರಿಗೆ, ಒಂದು ಮನೆಯ ಕಪಾಟಿಗೆ.